ಕೈರುಚಿಗೊಂದು ಸಂಬಳ

ಕರ್ನಾಟಕದ ಯಾವ ಹೆದ್ದಾರಿ ಹಿಡಿದು ಹೊರಟರೂ ದಾರಿಯಲ್ಲೊಂದು 'ಪಂಜಾಬಿ ಢಾಬಾ' ಎದುರಾಗುತ್ತದೆ. ಶಿರಾ ದಾಟಿದರೂ ಇದೆ, ಹಾವೇರಿ ದಾಟಿದರೂ ಇದೆ. ದಾಲ್ ತಡ್ಕಾ, ತಂದೂರಿ ರೋಟಿ, ಪನೀರ್ ಬಟರ್ ಮಸಾಲಾ, ಕೊನೆಗೊಂದು ದೊಡ್ಡ ಲೋಟ ಲಸ್ಸಿ. ತಂದೂರಿಗೆ ರೊಟ್ಟಿ ಬಡಿಯುವವನು ಗಂಡಸು, ಉರಿಯ ಮೇಲೆ ಬಾಣಲೆ ಆಡಿಸುವವನು ಗಂಡಸು, ಗಲ್ಲಾದಲ್ಲಿ ಕೂತವನೂ ಗಂಡಸು. ಹೀಗಾಗಿ ಪಂಜಾಬಿನ ಅಡುಗೆ ಎಂದರೆ ಲಾರಿ ಚಾಲಕರ ಗಡದ್ದಾದ ಊಟ, ಗಂಡಸರು ಗಂಡಸರಿಗಾಗಿ ಮಾಡಿದ್ದು ಎಂಬ ಚಿತ್ರ ನಮ್ಮ ಮನಸ್ಸಿನಲ್ಲಿ ಕೂತುಬಿಟ್ಟಿದೆ.

ಆದರೆ ಪಂಜಾಬಿನ ಹಳ್ಳಿಗಳಲ್ಲಿ ತಂದೂರು ಹೆಂಗಸರದಾಗಿತ್ತು. ಬೀದಿಗೊಂದು, ಕೇರಿಗೊಂದು ತಂದೂರು. ಸಂಜೆಯಾದರೆ ಮನೆಮನೆಯಿಂದ ಹೆಂಗಸರು ಕಲಸಿದ ಹಿಟ್ಟಿನ ಪರಾತ ಹೊತ್ತು ಅಲ್ಲಿಗೆ ಬರುತ್ತಿದ್ದರು. ಸಾಂಝಾ ಚುಲ್ಹಾ ಎಂದು ಅದಕ್ಕೆ ಹೆಸರು, ಎಂದರೆ ಹಂಚಿಕೊಂಡ ಒಲೆ. ಮನೆಯಂಗಳ ದಾಟಿ ಹೋಗಲು ಅಪ್ಪಣೆ ಬೇಕಿದ್ದ ಸೊಸೆಯರಿಗೂ ಅಲ್ಲಿಗೆ ಹೋಗುವುದಕ್ಕೆ ಯಾರ ತಕರಾರೂ ಇರುತ್ತಿರಲಿಲ್ಲ. ರೊಟ್ಟಿ ಬೇಯುವಷ್ಟು ಹೊತ್ತು ಊರಿನ ಸುದ್ದಿಯೆಲ್ಲ ಆ ಒಲೆಯ ಸುತ್ತ ಸುಳಿಯುತ್ತಿತ್ತು.

1947ರಲ್ಲಿ ಪಂಜಾಬ್ ಎರಡಾಯಿತು. ಬರಿಗೈಲಿ ದಿಲ್ಲಿಗೆ ಬಂದ ನಿರಾಶ್ರಿತರು ತಂದೂರನ್ನೂ ಜೊತೆಗೆ ತಂದರು. ಪೇಶಾವರದಿಂದ ಬಂದ ಕುಂದನ್‌ಲಾಲ್ ಗುಜ್ರಾಲ್ ಮತ್ತು ಸಂಗಡಿಗರು ದರಿಯಾಗಂಜ್‌ನಲ್ಲಿ ತೆರೆದ ಮೋತಿ ಮಹಲ್‌ನಿಂದ ತಂದೂರಿ ಕೋಳಿ, ಬಟರ್ ಚಿಕನ್, ದಾಲ್ ಮಖನಿ ಊರೂರಿಗೆ ಹರಡಿದವು. ಬದುಕು ಕಟ್ಟಿಕೊಳ್ಳಲು ಆ ಪೀಳಿಗೆ ಪಟ್ಟ ಪಾಡನ್ನು ಯಾರೂ ಹಗುರವಾಗಿ ಕಾಣುವಂತಿಲ್ಲ. ಆದರೂ ಒಂದು ಮಾತು ಹೇಳಲೇಬೇಕು. ಕೇರಿಯ ತಂದೂರು ಪೇಟೆಗೆ ಬಂದು ದುಡ್ಡು ದುಡಿಯಲು ಶುರುಮಾಡಿದ ಹೊತ್ತಿಗೆ ಅದರ ಸುತ್ತ ನಿಂತಿದ್ದ ಹೆಂಗಸರು ಕಾಣೆಯಾಗಿದ್ದರು. ಬಟರ್ ಚಿಕನ್ ಮೊದಲು ಮಾಡಿದ್ದು ಯಾರು ಎಂಬ ಜಗಳ 2024ರಲ್ಲಿ ದಿಲ್ಲಿ ಹೈಕೋರ್ಟಿನ ಮೆಟ್ಟಿಲೇರಿತು. ಎರಡು ಕುಟುಂಬಗಳು, ಎರಡೂ ಕಡೆ ಒಬ್ಬೊಬ್ಬ ಅಜ್ಜನ ಹೆಸರು. ಅಜ್ಜಿಯ ಹೆಸರನ್ನು ಯಾವ ಕಡೆಯವರೂ ಮುಂದಿಡಲಿಲ್ಲ.

ಹೋಟೆಲಿನ ಪಟ್ಟಿಗೆ ಬಾರದೆ ಮನೆಯಲ್ಲೇ ಉಳಿದ ಪಂಜಾಬಿ ಅಡುಗೆ ದೊಡ್ಡದು. ಸಾಸಿವೆ ಸೊಪ್ಪಿನ ಸಾಗ್ ಹೆಸರಿಗೆ ಹೋಟೆಲಿನಲ್ಲೂ ಸಿಗುತ್ತದೆ. ಮನೆಯದರ ಹದವೇ ಬೇರೆ. ಚಳಿಗಾಲದ ಎಳೆ ಸಾಸಿವೆ ಸೊಪ್ಪಿಗೆ ಪಾಲಕ್, ಬಥುವಾ ಬೆರೆಸಿ ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೇಯಿಸಬೇಕು. ಘೋಟ್ನಾ ಎಂಬ ಮರದ ಕಡೆಗೋಲಿನಿಂದ ಅರೆದು ಅರೆದು ನುಣ್ಣಗೆ ಮಾಡಬೇಕು. ಮೆಕ್ಕೆಜೋಳದ ಹಿಟ್ಟು ಉದುರಿಸಿ ಸೊಪ್ಪಿನ ನೀರನ್ನು ಹಿಡಿದಿಡಬೇಕು. ಕೊನೆಗೆ ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿಯ ತುಪ್ಪದ ಒಗ್ಗರಣೆ. ಇಷ್ಟೆಲ್ಲ ಮಾಡುವುದಕ್ಕೆ ತೋಳಿನ ಬಲ ಬೇಕು; ಯಾವಾಗ ನಿಲ್ಲಿಸಬೇಕೆಂಬ ತಿಳಿವಳಿಕೆ ಅದಕ್ಕಿಂತ ಹೆಚ್ಚು ಬೇಕು. ಬಾಣಂತಿಗೆಂದು ಮಾಡುವ ಪಂಜೀರಿ ಇನ್ನೊಂದು. ಗೋಧಿ ಹಿಟ್ಟನ್ನು ತುಪ್ಪದಲ್ಲಿ ಹುರಿದು, ಅಂಟು, ಒಣಶುಂಠಿ, ಓಮ, ಬಾದಾಮಿ ಸೇರಿಸುತ್ತಾರೆ. ನಮ್ಮ ಉತ್ತರ ಕರ್ನಾಟಕದ ಅಂಟಿನುಂಡಿಗೆ ಹತ್ತಿರದ ನೆಂಟ. ಬಿಸಿಲಲ್ಲಿ ಒಣಗಿಸಿಟ್ಟ ಉದ್ದಿನ ವಡಿಗಳು, ಹೂಕೋಸು, ಕ್ಯಾರೆಟ್, ಟರ್ನಿಪ್ ಸೇರಿಸಿದ ಬೆಲ್ಲದ ಉಪ್ಪಿನಕಾಯಿ, ಹುಳಿ ಮಜ್ಜಿಗೆಯ ಕಢಿ, ಇವೆಲ್ಲ ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ನೋಡಿ ಕಲಿತು ಬಂದವು. ಅಳತೆಯನ್ನು ಯಾರೂ ಬರೆದಿಟ್ಟವರಲ್ಲ.

ಈ ಕೆಲಸಕ್ಕೆ ಗೌರವವೇ ಇರಲಿಲ್ಲ ಎಂದರೆ ತಪ್ಪಾಗುತ್ತದೆ. ಹದಿನಾರನೆಯ ಶತಮಾನದಲ್ಲಿ ಖಡೂರ್ ಸಾಹಿಬ್‌ನ ಲಂಗರನ್ನು, ಎಂದರೆ ಎಲ್ಲರಿಗೂ ಉಚಿತವಾಗಿ ಉಣಬಡಿಸುವ ಸಿಖ್ಖರ ಅಡುಗೆಮನೆಯನ್ನು, ನಡೆಸಿದವರು ಎರಡನೆಯ ಗುರು ಅಂಗದರ ಪತ್ನಿ ಮಾತಾ ಖೀವಿ. ತುಪ್ಪ ಹಾಕಿದ ಅವರ ಖೀರಿನ ಪ್ರಸ್ತಾಪ ಗುರು ಗ್ರಂಥ ಸಾಹಿಬ್‌ನೊಳಗೇ ಇದೆ. ಸಿಖ್ಖರ ಪರಮ ಪವಿತ್ರ ಗ್ರಂಥದಲ್ಲಿ ಒಬ್ಬ ಹೆಂಗಸಿನ ಅಡುಗೆಮನೆಗೆ ಸಿಕ್ಕ ಜಾಗ ಸಣ್ಣದಲ್ಲ. ನಮ್ಮ ಬೀದರಿನ ನಾನಕ್ ಝೀರಾ ಗುರುದ್ವಾರದಲ್ಲಿ ಪಂಕ್ತಿಯಲ್ಲಿ ಕೂತು ಉಂಡವರಿಗೆ ಆ ಪರಂಪರೆಯ ರುಚಿ ಗೊತ್ತು.  ಆದರೆ ಲಂಗರಿನ ಕೆಲಸ ಸೇವೆ. ಅಲ್ಲಿ ಯಾರೂ ಸಂಬಳ ಕೇಳುವುದಿಲ್ಲ, ಕೇಳಲೂಬಾರದು. ಅಡಚಣೆ ಬರುವುದು ಅದೇ ಕೈಯ ಅಡುಗೆ ಹೋಟೆಲಿಗೆ ಬಂದಾಗ. ಅಲ್ಲಿ ತಟ್ಟೆಗೆ ಬೆಲೆಯಿದೆ. ಹಾಗಿರುವಾಗ ಕೈಗೆ ಬೆಲೆ ಇಲ್ಲದಿರುವುದು ಹೇಗೆ ಸರಿ? 'ಅಜ್ಜಿಯ ಕೈರುಚಿ' ಎಂದು ಫಲಕ ಹಾಕುವ ಹೋಟೆಲುಗಳು ಎಲ್ಲ ದೇಶಗಳಲ್ಲೂ ಇವೆ. ಗೋಡೆಯ ಮೇಲೆ ಕಪ್ಪುಬಿಳುಪಿನ ಫೋಟೊ, ಒಳಗೆ ಕಡಿಮೆ ಕೂಲಿಯ ಹುಡುಗರು. ಪರಂಪರೆಯನ್ನು ಗೌರವಿಸುತ್ತೇವೆ ಎಂದವರ ಮಾತನ್ನು ನಾನು ಅವರ ಸಂಬಳದ ಪುಸ್ತಕ ನೋಡಿದ ಮೇಲೆಯೇ ನಂಬುವುದು.

ಇದಕ್ಕೆ ಉತ್ತರವಾಗಿ ನಿಂತ ಒಂದು ಹೋಟೆಲು ಕೆನಡಾದ ಪಶ್ಚಿಮ ತೀರದ ವ್ಯಾಂಕೂವರ್‌ನಲ್ಲಿದೆ. ಹೆಸರು ವಿಜ್ಸ್. ಅದರ ಅಡುಗೆಮನೆಯಲ್ಲಿ ನಿಂತ ಹೆಂಗಸರನ್ನು ಅರ್ಥಮಾಡಿಕೊಳ್ಳಲು ಆ ಊರಿಗೆ ಪಂಜಾಬಿಗಳು ಬಂದ ದಾರಿಯನ್ನು ನೋಡಬೇಕು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವ್ಯಾಂಕೂವರ್ ಇರುವ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯಕ್ಕೆ ಬಂದ ಪಂಜಾಬಿಗಳು ಹೆಚ್ಚುಕಡಿಮೆ ಎಲ್ಲರೂ ಗಂಡಸರು. ಮರ ಕೊಯ್ಯುವ ಮಿಲ್ಲುಗಳಲ್ಲಿ ದುಡಿದು, ಮಿಲ್ಲಿನ ಸಾಲುಕೋಣೆಗಳಲ್ಲಿ ಒಟ್ಟಿಗೆ ಉಳಿದರು. ಎಲ್ಲರೂ ಸೇರಿ ಒಬ್ಬ ಅಡುಗೆಯವನನ್ನು ಇಟ್ಟುಕೊಳ್ಳುತ್ತಿದ್ದರು. ರೊಟ್ಟಿ, ಬೇಳೆ, ಸೊಪ್ಪು ಒಂದೇ ಒಲೆಯಲ್ಲಿ. 1908ರಲ್ಲಿ ಕೆನಡಾ ಸರ್ಕಾರ, ತಾಯ್ನಾಡಿನಿಂದ ಎಲ್ಲೂ ತಂಗದೆ ನೇರ ಪ್ರಯಾಣದಲ್ಲಿ ಬಂದವರಿಗಷ್ಟೇ ಪ್ರವೇಶ ಎಂಬ ನಿಯಮ ತಂದಿತು. ಭಾರತದಿಂದ ಅಂಥ ನೇರ ಹಡಗಿನ ಸೌಲಭ್ಯವೇ ಇಲ್ಲದ್ದರಿಂದ ಬಾಗಿಲು ಮುಚ್ಚಿದಂತಾಯಿತು. 1914ರ ಮೇ ತಿಂಗಳಲ್ಲಿ 376 ಪ್ರಯಾಣಿಕರೊಡನೆ ವ್ಯಾಂಕೂವರ್ ಬಂದರಿಗೆ ಬಂದ ಕೊಮಗಾಟ ಮಾರು ಹಡಗನ್ನು ಎರಡು ತಿಂಗಳು ನೀರಿನಲ್ಲೇ ತಡೆದು ನಿಲ್ಲಿಸಿ, ಕೊನೆಗೆ ಹಿಂದಕ್ಕಟ್ಟಿದರು. ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲು ಅನುಮತಿ ಸಿಕ್ಕಿದ್ದು ಮೊದಲ ಮಹಾಯುದ್ಧ ಮುಗಿದ ಮೇಲೆ. ಆಮೇಲೂ ವರ್ಷಗಟ್ಟಲೆ ಬಂದ ಹೆಂಗಸರು ಬೆರಳೆಣಿಕೆಯಷ್ಟು. ಈ ವಲಸಿಗರಿಗೆ ಮತದಾನದ ಹಕ್ಕು ದೊರೆತದ್ದು 1947ರಲ್ಲಿ. 1967ರಲ್ಲಿ ಕೆನಡಾ ವಲಸೆಗೆ ಅಂಕಗಳ ಪದ್ಧತಿ ತಂದು ಜನಾಂಗದ ತಡೆಯನ್ನು ತೆಗೆದ ಮೇಲೆಯೇ ಕುಟುಂಬಗಳು ದೊಡ್ಡ ಸಂಖ್ಯೆಯಲ್ಲಿ ಬಂದವು. 2021ರ ಜನಗಣತಿಯ ಹೊತ್ತಿಗೆ ಕೆನಡಾದಲ್ಲಿ ಸಿಖ್ಖರೇ ಸುಮಾರು 7.7 ಲಕ್ಷ.

ಹೀಗೆ ಬಂದ ಹೆಂಗಸರಲ್ಲಿ ಅನೇಕರು ಮದುವೆಯಾಗಿ ಬಂದವರು, ಇಲ್ಲವೇ ಮಗನ ಸಂಸಾರಕ್ಕೆ ನೆರವಾಗಲೆಂದು ಬಂದ ತಾಯಂದಿರು. ಇಂಗ್ಲಿಷ್ ಬಾರದವರಿಗೆ ಸಿಗುವ ಕೆಲಸ ಎಂಥದು? ಕಚೇರಿಗಳನ್ನು ರಾತ್ರಿ ಹೊತ್ತು ಗುಡಿಸುವುದು, ಮೀನನ್ನು ಡಬ್ಬಿಗೆ ತುಂಬುವ ಕಾರ್ಖಾನೆಗಳಲ್ಲಿ ಅದನ್ನು ಶುದ್ಧ ಮಾಡುವುದು, ಬೇಸಿಗೆ ಬಂದರೆ ಫ್ರೇಸರ್ ಕಣಿವೆಯ ತೋಟಗಳಲ್ಲಿ ಸ್ಟ್ರಾಬೆರಿ, ರಾಸ್ಪ್‌ಬೆರಿ, ಬ್ಲೂಬೆರಿ ಕೀಳುವುದು. ಹಣ್ಣು ಕೀಳುವವರಿಗೆ ಗಂಟೆಯ ಲೆಕ್ಕವಿಲ್ಲ, ತೂಕದ ಲೆಕ್ಕ. ತೋಟಕ್ಕೆ ಕರೆದೊಯ್ಯುವವನು ಗುತ್ತಿಗೆದಾರ; ಎಷ್ಟು ದುಡಿದರು ಎಂಬುದನ್ನು ಬರೆದುಕೊಡುವವನೂ ಅವನೇ. ಚಳಿಗಾಲದ ನಿರುದ್ಯೋಗ ವಿಮೆ ಅವನು ಬರೆದುಕೊಟ್ಟದ್ದರ ಮೇಲೆ ನಿಂತಿದ್ದರಿಂದ ಹೆಂಗಸರು ಅವನ ಮಾತಿಗೆ ಎದುರಾಡುವಂತಿರಲಿಲ್ಲ. ಈ ಕಷ್ಟಗಳಿಂದಲೇ 1980ರಲ್ಲಿ ಕೆನಡಾದ ಕೃಷಿ ಕಾರ್ಮಿಕರ ಸಂಘ ಹುಟ್ಟಿತು. ಆದರೂ 2007ರ ಮಾರ್ಚ್‌ನಲ್ಲಿ ಅಬಾಟ್ಸ್‌ಫರ್ಡ್ ಹತ್ತಿರ ಹದಿನೇಳು ಕೃಷಿ ಕಾರ್ಮಿಕರನ್ನು ತುಂಬಿಕೊಂಡಿದ್ದ ವ್ಯಾನೊಂದು ಹೆದ್ದಾರಿಯಲ್ಲಿ ಮಗುಚಿ ಮೂವರು ಪಂಜಾಬಿ ಹೆಂಗಸರು ತೀರಿಕೊಂಡರು.

ಇಷ್ಟು ದುಡಿದು ಮನೆಗೆ ಬಂದು ಅವರು ಮತ್ತೆ ಹಿಟ್ಟು ಕಲಸುತ್ತಿದ್ದರು. ಅವರ ಪಾಲಿಗೆ ಅತ್ಯಂತ ಚೆನ್ನಾಗಿ ಬರುತ್ತಿದ್ದ ಕೆಲಸ ಅದು. ಆ ಕೆಲಸಕ್ಕೆ ಮಾತ್ರ ಆ ದೇಶದಲ್ಲಿ ಯಾರೂ ಕಾಸು ಕೊಡುತ್ತಿರಲಿಲ್ಲ.

ವಿಜ್ಸ್ ಕಟ್ಟಿದ ವಿಕ್ರಮ್ ವಿಜ್ ಹುಟ್ಟಿದ್ದು 1964ರಲ್ಲಿ, ಅಮೃತಸರದಲ್ಲಿ. ಆಸ್ಟ್ರಿಯಾದಲ್ಲಿ ಹೋಟೆಲ್ ಕೆಲಸ ಕಲಿತು, ಕೆನಡಾದ ಬ್ಯಾಂಫ್ ಗಿರಿಧಾಮಕ್ಕೆ ಬಂದು, ಅಲ್ಲಿಂದ ವ್ಯಾಂಕೂವರ್‌ಗೆ ಇಳಿದವರು. 1994ರಲ್ಲಿ ಹದಿನಾಲ್ಕು ಕುರ್ಚಿಗಳ ಪುಟ್ಟ ಜಾಗವೊಂದನ್ನು ಹಿಡಿದು ಸ್ವಂತ ಹೋಟೆಲು ತೆರೆದರು. ಬಂಡವಾಳಕ್ಕೆ ಅಪ್ಪನ ದುಡ್ಡು. ಶುರುವಿನ ದಿನಗಳಲ್ಲಿ ಅಮ್ಮ ಮನೆಯಲ್ಲಿ ಕರಿ ಬೇಯಿಸಿ, ಪಾತ್ರೆ ಹಿಡಿದು ಬಸ್ಸು ಹತ್ತಿ ಹೋಟೆಲಿಗೆ ತಂದುಕೊಡುತ್ತಿದ್ದುದನ್ನು ವಿಜ್ ಹೇಳಿಕೊಂಡಿದ್ದಾರೆ. ಆ ಬಸ್ಸಿನಲ್ಲಿ ಬಂದದ್ದು ಐದು ನಕ್ಷತ್ರದ ಹೋಟೆಲಿನ ಗ್ರೇವಿಯಲ್ಲ. ಅದು ಒಂದು ಮನೆಯ ರಾತ್ರಿಯೂಟ.

ಮೀರು ಢಾಲ್ವಾಲಾ ಈ ಕತೆಗೆ ಬಂದದ್ದು ಮರುವರ್ಷ, ವಿಜ್ ಅವರನ್ನು ಮದುವೆಯಾಗಿ. ಭಾರತದಲ್ಲಿ ಹುಟ್ಟಿ ಅಮೆರಿಕದ ವಾಷಿಂಗ್ಟನ್‌ನಲ್ಲಿ ಬೆಳೆದವರು. ಮಾನವ ಹಕ್ಕು, ಅಭಿವೃದ್ಧಿ ಇಂಥ ಕ್ಷೇತ್ರಗಳಲ್ಲಿ ಕೆಲಸ ಮಾಡಿದವರು. ಹೋಟೆಲಿನ ಅಡುಗೆಯನ್ನು ಯಾವ ಶಾಲೆಯಲ್ಲೂ ಕಲಿತಿರಲಿಲ್ಲ. ಅಂಥವರ ಕೈಗೆ ಅಡುಗೆಮನೆ ಬಂದಾಗ ಅವರು ನೆರವಿಗೆ ಕರೆದದ್ದು ತರಬೇತಾದ ಬಾಣಸಿಗರನ್ನಲ್ಲ, ಪಂಜಾಬಿನಿಂದ ವಲಸೆ ಬಂದ ಗೃಹಿಣಿಯರನ್ನು. ಒಬ್ಬೊಬ್ಬರಾಗಿ ಬಂದರು. ಒಬ್ಬರು ಇನ್ನೊಬ್ಬರ ಪರಿಚಯ ಹೇಳಿದರು. ಅಡುಗೆಮನೆ ಪೂರ್ತಿ ಹೆಂಗಸರದಾಯಿತು, ಒಳಗಿನ ಮಾತು ಪಂಜಾಬಿಯಾಯಿತು. ಹೆಚ್ಚಿನವರಿಗೆ ಇಂಗ್ಲಿಷ್ ಅಷ್ಟಾಗಿ ಬರುತ್ತಿರಲಿಲ್ಲ. ಅದು ಅಲ್ಲಿ ಕೊರತೆಯೆನಿಸಲಿಲ್ಲ.

ಯುರೋಪಿನ ಮಾದರಿಯ ದೊಡ್ಡ ಅಡುಗೆಮನೆಗಳ ರೀತಿ ಗೊತ್ತಿದ್ದವರಿಗೆ ಇದು ಎಂಥ ಹೆಜ್ಜೆ ಎಂದು ಹೊಳೆಯುತ್ತದೆ. ಆ ಅಡುಗೆಮನೆಗಳು ಸೈನ್ಯದ ಶಿಸ್ತಿನವು. ಮೇಲಿನವನು ಕೂಗಿದರೆ ಕೆಳಗಿನವನು ನಡುಗಬೇಕು. ಬೈಗುಳ ಅಲ್ಲಿ ದಿನಬಳಕೆಯ ಭಾಷೆ. ಹದಿನೈದು ಗಂಟೆ ನಿಂತು ದುಡಿಯಬಲ್ಲ, ಮನೆಯ ಜವಾಬ್ದಾರಿಯಿಲ್ಲದ ಯುವಕನನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ ವ್ಯವಸ್ಥೆ ಅದು. ಮಕ್ಕಳನ್ನು ಶಾಲೆಯಿಂದ ಕರೆತರಬೇಕಾದ, ಅತ್ತೆಮಾವನಿಗೆ ಮಾತ್ರೆ ಕೊಡಬೇಕಾದ ನಲವತ್ತರ ಹೆಂಗಸಿಗೆ ಅದರಲ್ಲಿ ಜಾಗವೇ ಇಲ್ಲ. ಅಡುಗೆ ಬಾರದೆ ಅವಳು ಹೊರಗುಳಿದದ್ದಲ್ಲ.

ವಿಜ್ಸ್‌ನ ಅಡುಗೆಮನೆ ಅವಳಿಗೆ ಬರುವುದನ್ನೇ ತಳಹದಿ ಮಾಡಿಕೊಂಡಿತು. ಜೀರಿಗೆ ಸಿಡಿಯುವ ಸದ್ದು, ಈರುಳ್ಳಿ ಕಂದುಬಣ್ಣಕ್ಕೆ ತಿರುಗಿ ಇನ್ನೇನು ಕರಕಲಾಗಬೇಕು ಎನ್ನುವ ಕ್ಷಣ, ಮಸಾಲೆಯಿಂದ ಎಣ್ಣೆ ಬಿಟ್ಟುಕೊಳ್ಳುವ ಗುರುತು, ಇವನ್ನು ಕಲಿಸಲು ಒಬ್ಬ ಹೊಸಬನಿಗೆ ವರ್ಷಗಳು ಬೇಕು. ಈ ಹೆಂಗಸರು ಹದಿಹರೆಯದಲ್ಲೇ ಕಲಿತು ಬಂದಿದ್ದರು. ಮಸಾಲೆಗಳನ್ನು ಅಲ್ಲೇ ಹುರಿದು ಅಲ್ಲೇ ಪುಡಿ ಮಾಡುವ ಪದ್ಧತಿ. ಅದರ ಮೇಲೆ ಮೀರು ಹೊಸದನ್ನು ಕಟ್ಟಿದರು. ಬ್ರಿಟಿಷ್ ಕೊಲಂಬಿಯಾದ ಮೀನು, ಅಲ್ಲಿನ ತರಕಾರಿ, ಋತು ಬದಲಾದಂತೆ ಬದಲಾಗುವ ಪಟ್ಟಿ. ಹೋಟೆಲಿಗೆ ಹೆಸರು ತಂದ ತಿನಿಸು ವೈನಿನಲ್ಲಿ ನೆನೆಸಿದ ಕುರಿಮರಿಯ ಪಕ್ಕೆಲುಬು, ಮೇಲೆ ಮೆಂತ್ಯದ ಕೆನೆಸಾರು. ಪಂಜಾಬಿನ ಲುಧಿಯಾನದ ಯಾವ ಮನೆಯಲ್ಲೂ ಅದನ್ನು ಹಾಗೆ ಮಾಡುವುದಿಲ್ಲ. ಆದರೆ ಆ ಮೆಂತ್ಯದ ಕಹಿಯನ್ನು ಎಲ್ಲಿಗೆ ನಿಲ್ಲಿಸಬೇಕು ಎಂಬ ಅಂದಾಜು ಅಂಥ ಮನೆಯೊಂದರಿಂದಲೇ ಬಂದದ್ದು. ಹುರಿದ ಕ್ರಿಕೆಟ್ ಹುಳುವಿನ ಪುಡಿ ಬೆರೆಸಿದ ಪರಾಠವನ್ನೂ ಮೀರು ಮಾಡಿಸಿದ್ದುಂಟು. ಮುಂದಿನ ಕಾಲದ ಪ್ರೋಟೀನ್ ಅದು ಎಂಬುದು ಅವರ ವಾದ. ಪರಂಪರೆಯನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡದೆ ದಿನವೂ ಒಲೆಯ ಮೇಲೆ ಇಟ್ಟವರು ಇವರು ಎಂದು ನನಗೆ ಅನ್ನಿಸುವುದು ಇಂಥ ಕಾರಣಕ್ಕೆ.

ಮೇಜು ಮುಂಗಡ ಕಾದಿರಿಸುವ ಪದ್ಧತಿ ವರ್ಷಗಟ್ಟಲೆ ಅಲ್ಲಿರಲಿಲ್ಲ. ಎಂಥ ದೊಡ್ಡವರಾದರೂ ಸರದಿಯಲ್ಲಿ ಕಾಯಬೇಕಿತ್ತು. ಕಾಯುವವರಿಗೆ ಬಿಸಿ ಚಹಾ, ಕೈಗೊಂದಿಷ್ಟು ಕುರುಕಲು ತಿಂಡಿ, ಬಿಟ್ಟಿಯಾಗಿ. ಮನೆಗೆ ಬಂದವರನ್ನು ಬರಿಬಾಯಲ್ಲಿ ಕೂರಿಸಬಾರದು ಎಂಬ ಪಂಜಾಬಿ ಮನೆಯ ನಡವಳಿಕೆ ಅದು. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಮಾರ್ಕ್ ಬಿಟ್ಮನ್ ಜಗತ್ತಿನ ಅತ್ಯುತ್ತಮ ಭಾರತೀಯ ಹೋಟೆಲುಗಳ ಸಾಲಿನಲ್ಲಿ ಇದನ್ನು ನಿಲ್ಲಿಸಿ ಬರೆದರು. 2004ರಲ್ಲಿ ಪಕ್ಕದಲ್ಲೇ ರಂಗೋಲಿ ಎಂಬ ಇನ್ನೊಂದು ಸರಳ ಹೋಟೆಲು ಶುರುವಾಯಿತು. ಎಂದರೆ ಇನ್ನಷ್ಟು ಹೆಂಗಸರಿಗೆ ಕೆಲಸ. 2006ರಲ್ಲಿ ಮೊದಲ ಪಾಕಪುಸ್ತಕ ಬಂತು. ಅಂದಾಜಿನಲ್ಲಿ ಹಾಕುತ್ತಿದ್ದ ಉಪ್ಪು, ಚಿಟಿಕೆ ಇಂಗು, ಒಂದು ಹಿಡಿ ಕೊತ್ತಂಬರಿ, ಎಲ್ಲವೂ ಮೊದಲ ಸಲ ಚಮಚೆಯ ಲೆಕ್ಕಕ್ಕೆ ಬಂದವು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದನ್ನು ದಾಟಿ ಹೋಗಬಾರದು. ಹೋಟೆಲಿನ ಹೆಸರು ಗಂಡನ ಮನೆತನದ ಹೆಸರು. ಮುಂಬಾಗಿಲಲ್ಲಿ ನಿಂತು ಅತಿಥಿಗಳನ್ನು ಬರಮಾಡಿಕೊಂಡವರು ವಿಕ್ರಮ್. ಮುಂದೆ ಟೆಲಿವಿಷನ್ನಿನಲ್ಲಿ ಕಾಣಿಸಿಕೊಂಡು ಕೆನಡಾದ ಮನೆಮಾತಾದವರೂ ಅವರೇ. ಒಳಗಿದ್ದವರು ಹೆಂಗಸರು. ಹೊರಗೆ ಗಂಡು, ಒಳಗೆ ಹೆಣ್ಣು ಎಂಬ ಹಳೆಯ ಏರ್ಪಾಡು ವ್ಯಾಂಕೂವರ್‌ನಲ್ಲೂ ಮುಂದುವರಿಯಿತಲ್ಲ ಎಂದು ಯಾರಾದರೂ ಕೇಳಿದರೆ ಆ ಮಾತಿನಲ್ಲಿ ಸತ್ಯವಿದೆ. ಅಡುಗೆಮನೆ ತಮ್ಮದಲ್ಲ, ಆ ಹೆಂಗಸರದು ಎಂದು ವಿಕ್ರಮ್ ಅವರೂ ಒಪ್ಪುತ್ತ ಬಂದವರೇ. ಪುಸ್ತಕಗಳ ಮೇಲೆ ಮೀರು ಅವರ ಹೆಸರೂ ಇದೆ. ಆದರೂ ಬೀದಿಯಲ್ಲಿ ಹೋಗುವವರಿಗೆ ಕಾಣುವುದು ಫಲಕ ಮಾತ್ರ.

ಹಾಗಿದ್ದರೂ ಈ ಅಡುಗೆಮನೆಯ ಪರವಾಗಿಯೇ ನಾನು ನಿಲ್ಲುತ್ತೇನೆ. ತೋಟದಲ್ಲಿ ಹಣ್ಣು ಕೀಳುವಾಗ ತೂಕಕ್ಕಿಷ್ಟು ಎಂದಿದ್ದ ಹೆಂಗಸಿಗೆ ವರ್ಷದ ಹನ್ನೆರಡು ತಿಂಗಳೂ ಬರುವ ಸಂಬಳ ಎಂದರೆ ಏನೆಂಬುದನ್ನು ಅನುಭವಿಸಿದವರೇ ಹೇಳಬೇಕು. ಬ್ಯಾಂಕಿನಲ್ಲಿ ತನ್ನದೇ ಖಾತೆ, ಅತ್ತೆಮನೆಯಲ್ಲಿ ತನ್ನ ಮಾತಿಗೊಂದು ತೂಕ, ಊರಿನಲ್ಲಿರುವ ತಾಯಿಗೆ ಯಾರನ್ನೂ ಕೇಳದೆ ನಾಲ್ಕು ಕಾಸು ಕಳಿಸುವ ಸ್ವಾತಂತ್ರ್ಯ, ಇವೆಲ್ಲ ಅದರ ಹಿಂದೆ ಬರುತ್ತವೆ. ಈ ಹೆಂಗಸರಿಗೆ ಯಾರೂ ಉಪಕಾರ ಮಾಡಲಿಲ್ಲ ಎಂಬುದು ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಅವರ ಕೆಲಸ ಚೆನ್ನಾಗಿತ್ತು, ಜನ ಸಾಲುಗಟ್ಟಿ ನಿಂತು ಅದಕ್ಕೆ ಬೆಲೆ ತೆತ್ತರು, ಹೋಟೆಲು ಬೆಳೆಯಿತು. ಮಹಿಳೆಯರಿಗೆ ನೆರವು ಎಂಬ ಮಾತನ್ನು ದಾನದ ದನಿಯಲ್ಲಿ ಆಡುವ ಹೋಟೆಲುಗಳು ಇಲ್ಲಿಂದ ಕಲಿಯುವುದಿದೆ: ಇಲ್ಲಿ ಹೆಂಗಸರ ನೆರವಿನಿಂದ ಬದುಕಿದ್ದು ಹೋಟೆಲು.

ಲಂಡನ್ನಿನಲ್ಲಿ ಆಸ್ಮಾ ಖಾನ್ ನಡೆಸುವ ಡಾರ್ಜಿಲಿಂಗ್ ಎಕ್ಸ್‌ಪ್ರೆಸ್ ಕೂಡ ಇದೇ ದಾರಿಯದು. ಅಡುಗೆ ಪಂಜಾಬಿಯಲ್ಲ, ಆಸ್ಮಾ ಕೋಲ್ಕತ್ತಾದವರು, ಕಾನೂನಿನಲ್ಲಿ ಡಾಕ್ಟರೇಟ್ ಪಡೆದವರು. 2017ರಲ್ಲಿ ಅವರು ಹೋಟೆಲು ತೆರೆದಾಗ ಒಲೆಯ ಮುಂದೆ ನಿಂತವರೆಲ್ಲ ಹೆಂಗಸರು, ಯಾರೂ ಪಾಕಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಎರಡು ಖಂಡಗಳಲ್ಲಿ ಎರಡು ಬಾರಿ ಗೆದ್ದದ್ದನ್ನು ಅದೃಷ್ಟ ಎಂದು ತಳ್ಳಿಹಾಕಲು ಬರುವುದಿಲ್ಲ.

ಎಲ್ಲ ಕಡೆ ಗೆಲ್ಲುತ್ತದೆ ಎಂದೂ ಇಲ್ಲ. 2012ರಲ್ಲಿ ಮೀರು ಅಮೆರಿಕದ ಸಿಯಾಟಲ್‌ನಲ್ಲಿ ಶಾನಿಕ್ ಎಂಬ ಹೋಟೆಲು ತೆರೆದರು. ಮಗಳೊಬ್ಬಳ ಹೆಸರು ಅದು. 2015ರಲ್ಲಿ ಮುಚ್ಚಬೇಕಾಯಿತು. ಆದರೆ ಅದೇ ವರ್ಷದ ಕೊನೆಗೆ ವ್ಯಾಂಕೂವರ್‌ನ ವಿಜ್ಸ್ ಹಳೆಯ ಜಾಗ ಬಿಟ್ಟು ಕ್ಯಾಂಬಿ ರಸ್ತೆಯ ದೊಡ್ಡ ಕಟ್ಟಡಕ್ಕೆ ಹೋಯಿತು. ಒಂದೂರಿನ ಜನ ಸರದಿಯಲ್ಲಿ ನಿಂತರೆಂದು ಇನ್ನೊಂದೂರಿನವರು ನಿಲ್ಲಬೇಕೆಂದಿಲ್ಲ. ಹೋಟೆಲಿನ ಬಾಡಿಗೆಗೆ ಪರಂಪರೆಯ ಗುರುತಿಲ್ಲ.

ಈಗ ಇಂಥ ಅಡುಗೆಮನೆಗಳ ಮುಂದಿರುವ ಪ್ರಶ್ನೆ ಬೇರೆ. ಅಂದು ಮೂವತ್ತು ನಲವತ್ತರಲ್ಲಿದ್ದ ಹೆಂಗಸರಿಗೆ ಈಗ ಅರವತ್ತು ಎಪ್ಪತ್ತರ ಆಸುಪಾಸು. ಅವರ ಹೆಣ್ಣುಮಕ್ಕಳು ಕೆನಡಾದಲ್ಲಿ ಓದಿ ನರ್ಸುಗಳು, ಶಿಕ್ಷಕಿಯರು, ವಕೀಲರು ಆಗುವ ಪೀಳಿಗೆಯವರು. ತಾಯಂದಿರು ದುಡಿದದ್ದೇ ಅದಕ್ಕಾಗಿ. ಪಂಜಾಬಿನಿಂದ ಬರುವವರ ಬಗೆಯೂ ಬದಲಾಯಿತು. ಕಳೆದ ದಶಕದಲ್ಲಿ ಹೆಚ್ಚಾಗಿ ಬಂದವರು ವಿದ್ಯಾರ್ಥಿ ವೀಸಾದ ಹುಡುಗ ಹುಡುಗಿಯರು. 2024ರಲ್ಲಿ ಕೆನಡಾ ಅದಕ್ಕೂ ಮಿತಿ ಹಾಕಿತು. ಹದಿನೆಂಟು ಹತ್ತೊಂಬತ್ತಕ್ಕೆ ಮನೆ ಬಿಟ್ಟು ಬಂದ ಹುಡುಗಿ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಗೆ ಓದುತ್ತ ಬೆಳೆದವಳು. ಸಾಗ್ ಅರೆಯುವುದನ್ನು ಅವಳಿಗೆ ಅಮ್ಮ ಕಲಿಸಿರಲಿಕ್ಕಿಲ್ಲ, 'ನೀನು ಓದಿಕೊ, ಪುತ್ತರ್' ಎಂದು ಅಡುಗೆಮನೆಯಿಂದ ಆಚೆ ಕಳಿಸಿರುತ್ತಾಳೆ. ತರಗತಿಯ ನಡುವೆ ವಾರಕ್ಕಿಷ್ಟು ಗಂಟೆ ಎಂದು ಹೋಟೆಲಿನ ಕೆಲಸಕ್ಕೆ ಬರುವ ಆ ಹುಡುಗಿಗೆ ಸಿಗುವುದು ಸಾಮಾನ್ಯವಾಗಿ ಪಾತ್ರೆ ತೊಳೆಯುವ ಸಿಂಕು, ಇಲ್ಲವೇ ಪಾರ್ಸೆಲ್ ಕಟ್ಟುವ ಮೇಜು.

ಪಂಜಾಬಿ ಹೋಟೆಲೊಂದು ಇವತ್ತು ಪರಂಪರೆಯ ಹೆಸರು ಹೇಳುವುದಾದರೆ ಆ ಹುಡುಗಿಯನ್ನು ಸಿಂಕಿನಿಂದ ಕರೆದು ಅರವತ್ತರ ಆ ಹೆಂಗಸಿನ ಪಕ್ಕದಲ್ಲಿ ನಿಲ್ಲಿಸಬೇಕಾಗುತ್ತದೆ. ಸಾಗ್ ಬೇಯುವ ಗಂಟೆಗಳಷ್ಟೂ ಹೊತ್ತು ಇಬ್ಬರೂ ಅಲ್ಲಿರಬೇಕು. ಕಲಿಸುವವಳ ಗಂಟೆಗೂ ಕಲಿಯುವವಳ ಗಂಟೆಗೂ ಸಂಬಳ ಸಲ್ಲಬೇಕು. ಮಾಲೀಕರಿಗೆ ಇದು ದುಬಾರಿಯ ಲೆಕ್ಕ. ಹೆಪ್ಪುಗಟ್ಟಿಸಿದ ಗ್ರೇವಿಯ ಚೀಲ ಕತ್ತರಿಸಿ ಬಿಸಿ ಮಾಡುವುದಕ್ಕೆ ಹೋಲಿಸಿದರೆ ಇನ್ನೂ ದುಬಾರಿ. ವ್ಯಾಂಕೂವರ್‌ನ ಅಡುಗೆಮನೆ ತನ್ನ ಪಟ್ಟಿಯಲ್ಲಿ ಬೆಲೆ ಹಾಕುವಾಗ ಈ ದುಬಾರಿಯನ್ನು ಮುಚ್ಚಿಡದೆ ಹಾಕಿತು, ಅಗ್ಗದ ಭಾರತೀಯ ಊಟ ಬೇಕೆಂದವರನ್ನು ಬೇರೆಡೆಗೆ ಹೋಗಲು ಬಿಟ್ಟಿತು, ಉಳಿದವರು ಚಹಾ ಕುಡಿಯುತ್ತ ಸರದಿಯಲ್ಲಿ ನಿಂತರು.